ಮುಸಲ್ಮಾನ ಕಲಾವಿದರಿಗೆ ಸಂದ ಮನ್ನಣೆ

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿಗೆ ಸೇರಿದ ತಾವರೆಕೆರೆಯಿಂದ ಹೆದ್ದಾರಿಯನ್ನು ಹಿಡಿದು ತೆಂಕಲಿಗೆ ಹೋದರೆ ಶಿರಾ ಪಟ್ಟಣವು ಸಿಕ್ಕುವುದು. ಒಂದು ಕಾಲಕ್ಕೆ ಐವತ್ತು ಸಾವಿರ ಮನೆಗಳಿದ್ದುವೆಂದು ಹೆಸರಾಗಿದ್ದ ಆ ಪಟ್ಟಣದಲ್ಲಿ ಹಳೆಯ ವೈಭವಕ್ಕೆ ಮುಖ್ಯ ಸಾಕ್ಷಿಗಳಾಗಿ ಎರಡು ಕಟ್ಟಡಗಳು ಉಳಿದಿವೆ. ಒಂದು, ೧೬೫೧ನೆಯ ಇಸವಿಯ ಮಲಿಕ್ ರೈಹಾನನ ಗೋರಿ. ಮತ್ತೊಂದು, ೧೬೯೬ರಲ್ಲಿ ಕೆತ್ತಿದ ಕಲ್ಲಿನಿಂದ ಕಟ್ಟಿದ ಜುಮ್ಮಾ ಮಸೀದಿ. ಇವು ಯಾವ ಪ್ರಭುತ್ವದ ಕಾಲದಲ್ಲಿ ಎದ್ದುವೆಂಬುದನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಗೋರಿಯೊಳಗೆ ಮಲಗಿರುವವನ ಹೆಸರನ್ನು ಊರಿನ ಜನರು ಹೇಳುತ್ತಾರೆ. ಆ ಕಲ್ಲನ್ನು ಕಡೆದವರು ಯಾರು, ಕಮಾನಿನ ಬಾಗನ್ನು ಗೆರೆಯೆಳೆದು ತೋರಿಸಿದವರು ಯಾರು ಎಂದು ಕೇಳಿದರೆ ಪುಸ್ತಕವೂ ಸುಮ್ಮನಾಗುತ್ತದೆ, ಊರೂ ಸುಮ್ಮನಾಗುತ್ತದೆ.

ಶಿರಾದ ಕಲ್ಲಿಗೂ ದೂರದ ಲಂಡನ್ ನಗರದ ಒಂದು ಪಾರಿತೋಷಕಕ್ಕೂ ಏನು ಸಂಬಂಧವೆಂದು ವಾಚಕರಿಗೆ ತೋರಬಹುದು. ಆ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು ೨೦೦೯ರಿಂದ ‘ಜಮೀಲ್ ಪಾರಿತೋಷಕ’ವೆಂಬುದನ್ನು ಕೊಡುತ್ತಿದೆ. ಇಸ್ಲಾಮಿನ ಕಲಾಪರಂಪರೆಯಿಂದ ಸ್ಫೂರ್ತಿ ಪಡೆದು ಈ ಕಾಲದಲ್ಲಿ ಕೆಲಸಮಾಡುತ್ತಿರುವ ಕಲಾವಿದರಿಗೆ ಅದು ಸಲ್ಲುವುದು. ಆಯ್ಕೆಯಾದವರ ಕೃತಿಗಳ ಪ್ರದರ್ಶನವೂ ಅದರೊಡನೆ ನಡೆಯುವುದು. ಈ ಏರ್ಪಾಡು ಹೊಸದಾದರೂ ಅದರ ಹಿಂದಿರುವ ಪ್ರಶ್ನೆಗಳು ಹಳೆಯವು. ಕುಶಲಿಗೆ ಮನ್ನಣೆ ಸಲ್ಲುವಾಗ ಅವನ ಹೆಸರು ಅದರೊಡನೆ ಉಳಿಯುತ್ತದೆಯೆ? ಉಳಿದರೆ ಅವನನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಕಲಾವಿದನೆಂದೊ, ಮುಸಲ್ಮಾನ ಕಲಾವಿದನೆಂದೊ? ಕರ್ಣಾಟಕದಲ್ಲಿ ಈ ಪ್ರಶ್ನೆಗಳಿಗೆ ನಾನೂರು ವರ್ಷಗಳ ಚರಿತ್ರೆಯುಂಟು. ಆಸ್ಥಾನದ ಮನ್ನಣೆ, ಪ್ರದರ್ಶನದ ಮನ್ನಣೆ, ಇಂದಿನ ಪಾರಿತೋಷಕಗಳ ಮನ್ನಣೆ ಎಂದು ಅದನ್ನು ಮೂರು ಘಟ್ಟಗಳಲ್ಲಿ ನೋಡಬಹುದಾಗಿದೆ.

೧

ಶಿರಾ ಸೀಮೆಯು ೧೬೩೮ರ ಹೊತ್ತಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕೈಸೇರಿತು. ಮಲಿಕ್ ರೈಹಾನನು ಆ ರಾಜ್ಯದ ಪರವಾಗಿ ಇಲ್ಲಿ ಅಧಿಕಾರ ನಡೆಸಿದವನು. ಆದಕಾರಣ ಶಿರಾದ ಕುಶಲವಿದ್ಯೆಯ ಮೂಲವನ್ನು ಅರಿಯಬೇಕೆನ್ನುವವರು ಮೊದಲು ಬಿಜಾಪುರವನ್ನು, ಎಂದರೆ ಈಗಿನ ವಿಜಯಪುರವನ್ನು, ನೋಡಬೇಕಾಗುವುದು.

ಅಲ್ಲಿ ೧೫೮೦ರಿಂದ ೧೬೨೭ರವರೆಗೆ ಆಳಿದ ಎರಡನೆಯ ಇಬ್ರಾಹೀಂ ಆದಿಲಶಾಹನು ಕಲಾಪಕ್ಷಪಾತಿಯಾಗಿದ್ದನೆಂಬುದು ಪ್ರಸಿದ್ಧವಾದ ವಿಷಯ. ಪ್ರಜೆಗಳು ಅವನನ್ನು ಜಗದ್ಗುರುವೆಂದು ಕರೆಯುತ್ತಿದ್ದರು. ತಾನೇ ದಖನೀ ಭಾಷೆಯಲ್ಲಿ ರಚಿಸಿದ ‘ಕಿತಾಬೆ ನೌರಸ್’ ಎಂಬ ಗೀತಗ್ರಂಥದಲ್ಲಿ ಅವನು ಸರಸ್ವತಿಯನ್ನು ಸ್ತುತಿಸಿರುವನು. ಅವನ ಆಸ್ಥಾನಕ್ಕೆ ಪಾರಸೀಕ ದೇಶದಿಂದ ಕವಿಗಳೂ ಲಿಪಿಕಾರರೂ ಚಿತ್ರಗಾರರೂ ಬಂದು ಸೇರಿದರು. ಆಸ್ಥಾನಕವಿ ಜುಹೂರಿಯು ತನ್ನ ಬರೆಹದಲ್ಲಿ ಫರ್ರುಖ್ ಹುಸೇನನೆಂಬ ಚಿತ್ರಗಾರನನ್ನು ಹೆಸರು ಹಿಡಿದು ಹೊಗಳಿದ್ದಾನೆ. ಚಿತ್ರದಲ್ಲಿ ಅರಸನ ಮುಖವು ಉಳಿಯುವುದು ಲೋಕರೂಢಿ. ಅದನ್ನು ಬರೆದವನ ಹೆಸರೂ ಉಳಿಯಬೇಕೆಂದು ಆಸ್ಥಾನದ ಕವಿಗೆ ತೋರಿದ್ದು ವಿಶೇಷ.

ಇದಕ್ಕಿಂತಲೂ ದೊಡ್ಡ ಮನ್ನಣೆಯು ಖಲೀಲುಲ್ಲಾ ಎಂಬ ಲಿಪಿಕಾರನಿಗೆ ದೊರೆಯಿತು. ಅವನು ಕಿತಾಬೆ ನೌರಸಿನ ಒಂದು ಪ್ರತಿಯನ್ನು ಅಂದವಾದ ಅಕ್ಷರಗಳಲ್ಲಿ ಬರೆದು ೧೬೧೭-೧೮ರ ಸುಮಾರಿನಲ್ಲಿ ದೊರೆಗೆ ಒಪ್ಪಿಸಿದನು. ದೊರೆಯು ಅವನಿಗೆ ‘ಪಾದಶಾಹೆ ಕಲಮ್’, ಎಂದರೆ ‘ಲೇಖನಿಯ ಚಕ್ರವರ್ತಿ’, ಎಂಬ ಬಿರುದನ್ನು ಕೊಟ್ಟು, ಚಕ್ರವರ್ತಿಯಾದವನು ನಿಂತಿರಬಾರದೆಂಬಂತೆ ಸಿಂಹಾಸನದ ಮೇಲೆಯೇ ಕುಳ್ಳಿರಿಸಿದನೆಂದು ಆ ಕಾಲದ ಬರೆಹಗಳಿಂದ ತಿಳಿದುಬರುತ್ತದೆ. ಅರಸನು ಕವಿಗೆ ಹೊನ್ನನ್ನು ತೂಗಿಕೊಟ್ಟ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಲೇಖನಿ ಹಿಡಿದವನಿಗಾಗಿ ಗದ್ದುಗೆಯನ್ನೇ ಬಿಟ್ಟುಕೊಟ್ಟ ಕಥೆ ಅಪರೂಪ.

ಇಬ್ರಾಹೀಮನ ಗೋರಿಯಾದ ಇಬ್ರಾಹೀಂ ರೋಜಾದಲ್ಲಿಯೂ ಇಂತಹ ಒಂದು ಗುರುತು ಇದೆ. ಅಲ್ಲಿಯ ಪಾರಸೀ ಶಾಸನವು ಕಟ್ಟಡದ ವೆಚ್ಚವನ್ನು ಹೇಳುವುದಲ್ಲದೆ, ಅದನ್ನು ಶ್ರಮಪಟ್ಟು ಮುಗಿಸಿದ ಮಲಿಕ್ ಸಂದಲನ ಹೆಸರನ್ನೂ ಹೇಳುತ್ತದೆ. ಆದರೆ ಈ ಉದಾಹರಣೆಗಳನ್ನು ನೋಡಿ ಆ ಕಾಲದ ಕುಶಲಿಗಳಿಗೆಲ್ಲ ಹೆಸರು ದೊರೆಯುತ್ತಿತ್ತೆಂದು ಭಾವಿಸಲಾಗದು. ಖಲೀಲುಲ್ಲನು ಅಕ್ಷರದ ಮನುಷ್ಯ, ಆಸ್ಥಾನಕ್ಕೆ ಹತ್ತಿರದವನು. ಮಲಿಕ್ ಸಂದಲನು ಕೆಲಸದ ಮೇಲ್ವಿಚಾರಣೆಯನ್ನು ಹೊತ್ತ ಅಧಿಕಾರಿ. ರೋಜಾದ ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನೇ ಬಳ್ಳಿಯಂತೆ ಕೊರೆದ ಕಲ್ಲುಕುಟಿಗರಿಗೆ ಬಿರುದೂ ಇಲ್ಲ, ಶಾಸನದಲ್ಲಿ ಸ್ಥಳವೂ ಇಲ್ಲ. ಅವರಲ್ಲಿ ಎಷ್ಟು ಜನ ಮುಸಲ್ಮಾನರು, ಎಷ್ಟು ಜನ ಹಿಂದೂಗಳು ಎಂಬುದನ್ನು ಕಲ್ಲನ್ನು ನೋಡಿ ಹೇಳಬಲ್ಲವರಾರು? ಆಸ್ಥಾನದ ಮನ್ನಣೆಯು ಧಾರಾಳವಾಗಿತ್ತು. ಆದರೆ ಅದು ದೊರೆಯ ಕಣ್ಣಿಗೆ ಬಿದ್ದವರಿಗೆ ಮಾತ್ರ ಸಲ್ಲುತ್ತಿತ್ತು, ದೊರೆಯೊಡನೆಯೇ ಮುಗಿಯುತ್ತಿತ್ತು.

೨

೧೬೮೬ರಲ್ಲಿ ಬಿಜಾಪುರವು ಔರಂಗಜೇಬನ ವಶವಾಯಿತು. ಮರುವರ್ಷವೇ ಮೊಗಲರು ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಒಂದು ಸುಭಾವನ್ನಾಗಿ ಮಾಡಿ ಶಿರಾವನ್ನು ಅದರ ರಾಜಧಾನಿಯಾಗಿ ಏರ್ಪಡಿಸಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದ್ದುವು. ಕಾಸಿಂಖಾನನು ಅದರ ಮೊದಲ ಸುಬೇದಾರ. ತರುವಾಯ ಬಂದವರಲ್ಲಿ ದಿಲಾವರಖಾನನ ಕಾಲದಲ್ಲಿ ಪಟ್ಟಣವು ಏಳಿಗೆಯ ತುದಿಯನ್ನು ಮುಟ್ಟಿತು. ಅವನು ಕಟ್ಟಿಸಿದ ಅರಮನೆಯು ಎಷ್ಟು ಸೊಗಸಾಗಿದ್ದಿತೆಂದರೆ, ಹೈದರನೂ ಟೀಪುವೂ ಬೆಂಗಳೂರಿನಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿಯಾಯಿತೆಂದು ಹೇಳುತ್ತಾರೆ. ಶಿರಾದ ಖಾನ್‌ಬಾಗ್ ಎಂಬ ತೋಟವನ್ನು ನೋಡಿಯೇ ಹೈದರನಿಗೆ ಬೆಂಗಳೂರಿನ ಲಾಲ್‌ಬಾಗಿನ ಯೋಚನೆಯು ಹುಟ್ಟಿರಬಹುದೆಂದೂ ಊಹಿಸಿದವರುಂಟು.

ಶಿರಾವು ೧೭೫೭ರಲ್ಲಿ ಮರಾಠರ ಕೈಸೇರಿತು; ಎರಡು ವರ್ಷಗಳ ಬಳಿಕ ಮತ್ತೆ ಮೊಗಲರದಾಯಿತು; ೧೭೬೧ರಲ್ಲಿ ಹೈದರನ ವಶಕ್ಕೆ ಬಂದಿತು. ಆ ಮೇಲೆ ಟೀಪುಸುಲ್ತಾನನು ಶ್ರೀರಂಗಪಟ್ಟಣದ ಬಳಿ ಗಂಜಾಮ್ ಎಂಬ ಹೊಸ ಪೇಟೆಯನ್ನು ತುಂಬಿಸುವುದಕ್ಕಾಗಿ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತದಿಂದ ಎಬ್ಬಿಸಿ ಕರೆದೊಯ್ದನು. ಶಿರಾದ ಅವನತಿಗೆ ದಂಡಯಾತ್ರೆಗಳು ಎಷ್ಟು ಕಾರಣವೋ ಈ ವಲಸೆಯೂ ಅಷ್ಟೇ ಕಾರಣ. ಹಾಗೆ ಹೊರಟ ಕುಟುಂಬಗಳಲ್ಲಿ ಎಲ್ಲ ಜಾತಿಯ, ಎಲ್ಲ ಕಸುಬಿನ ಜನರೂ ಇದ್ದಿರಬೇಕು. ಮನೆ ಹೊಲಗಳನ್ನು ಬಿಟ್ಟು ಅವರು ತಮ್ಮೊಡನೆ ಒಯ್ಯಬಹುದಾಗಿದ್ದ ಆಸ್ತಿಯೆಂದರೆ ಕೈಯಲ್ಲಿದ್ದ ವಿದ್ಯೆಯೊಂದೇ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಅರಮನೆಯು ೧೭೮೪ರದು. ಅದರ ಹೊರಗೋಡೆಗಳ ಮೇಲೆ ೧೭೮೦ರ ಪೊಳ್ಳಿಲೂರು ಕಾಳಗವನ್ನು ವಿಸ್ತಾರವಾಗಿ ಚಿತ್ರಿಸಿದೆ. ಹೈದರನೂ ಟೀಪುವೂ ಆನೆ ಕುದುರೆಗಳ ನಡುವೆ ಕಾಣಿಸುತ್ತಾರೆ. ಸೋತ ಇಂಗ್ಲಿಷ್ ಸೇನಾಪತಿ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಇಂತಹವನೆಂದು ಬೊಟ್ಟುಮಾಡಿ ತೋರಿಸಬಹುದಾದಷ್ಟು ಸ್ಪಷ್ಟವಾಗಿ ನಾಯಕರೆಲ್ಲರೂ ಅಲ್ಲಿರುವರು. ಇಷ್ಟು ಜನರನ್ನು ಹೆಸರುವಾಸಿ ಮಾಡಿದ ಚಿತ್ರಗಾರರ ಹೆಸರೇ ಇಲ್ಲ. ೧೭೯೧ರಲ್ಲಿ ಮುಗಿದ ಬೆಂಗಳೂರಿನ ಮರದ ಅರಮನೆಯ ಬಡಗಿಗಳ ಪಾಡೂ ಇದೇ. ಬಿಜಾಪುರದಲ್ಲಿ ಲೇಖನಿಗೆ ಸಿಂಹಾಸನವು ದೊರೆತಿತ್ತು. ಶಿರಾದ ಉಳಿಗೂ ಶ್ರೀರಂಗಪಟ್ಟಣದ ಕುಂಚಕ್ಕೂ ಹೆಸರಿನ ಒಂದು ಸಾಲೂ ದೊರೆಯಲಿಲ್ಲ.

೩

ಕರ್ಣಾಟಕದ ಉತ್ತರದ ತುದಿಯ ಬೀದರಿನಲ್ಲಿ ಇದೇ ಕಥೆಯು ಮತ್ತೊಂದು ರೂಪವನ್ನು ತಾಳಿತು. ಹದಿನೈದನೆಯ ಶತಮಾನದಲ್ಲಿ ಬಹಮನೀ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ಸಾಗಿಸಿದರು. ಅವರ ಕಾಲದಲ್ಲಿ ಪಾರಸೀಕ ದೇಶದಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಿಯು ಲೋಹದಲ್ಲಿ ಬೆಳ್ಳಿಯನ್ನು ಕೂರಿಸುವ ವಿದ್ಯೆಯನ್ನು ಇಲ್ಲಿ ಬಿತ್ತಿದನೆಂದು ಪ್ರತೀತಿ. ಊರಿನ ಹೆಸರಿನಿಂದಲೇ ಅದು ಬಿದರೀ ಕೆಲಸವೆನಿಸಿತು.

ಆ ಕೆಲಸದ ಕ್ರಮವು ತಿಳಿಯತಕ್ಕದ್ದಾಗಿದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರದ ಪ್ರಮಾಣದಲ್ಲಿ ಕರಗಿಸಿ, ಮರಳಿನ ಅಚ್ಚಿನಲ್ಲಿ ಹೂಜಿಯನ್ನೋ ತಟ್ಟೆಯನ್ನೋ ಎರಕ ಹೊಯ್ಯುತ್ತಾರೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆಗಳು ಕಾಣಿಸುವಂತೆ ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಮೊನೆಯಿಂದ ಬಳ್ಳಿ ಹೂಗಳನ್ನು ಗೀರಿ, ಆ ಗೆರೆಯನ್ನು ಸಣ್ಣ ಉಳಿಗಳಿಂದ ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಮೆಲ್ಲನೆ ಬಡಿಯುತ್ತಾರೆ. ಮತ್ತೆ ಉಜ್ಜಿದರೆ ಆ ಪಾತ್ರೆಯೆಲ್ಲವೂ ಒಂದೇ ಬಿಳುಪಾಗಿ, ಬೆಳ್ಳಿ ಯಾವುದು ಸತುವು ಯಾವುದು ಎಂದು ತಿಳಿಯದಂತಾಗುತ್ತದೆ. ಕೊನೆಗೆ ಬೀದರಿನ ಹಳೆಯ ಕೋಟೆಯಲ್ಲಿ ಬಿಸಿಲು ಮಳೆ ತಾಕದೆ ಬಹುಕಾಲದಿಂದ ಬಿದ್ದಿರುವ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತುವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯು ಬೆಳ್ಳಗೇ ಉಳಿದು ಹೊಳೆಯುತ್ತದೆ. ಕುಶಲಿಯು ಆ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿನೋಡಿ, ಕೆಲಸಕ್ಕೆ ಬರುವುದೋ ಇಲ್ಲವೋ ಎಂದು ತೀರ್ಮಾನಿಸುವುದು ವಾಡಿಕೆ. ಇಂತಹ ಅರಿವು ಗ್ರಂಥದಿಂದ ಬರತಕ್ಕದ್ದಲ್ಲ. ತಂದೆಯ ಪಕ್ಕದಲ್ಲಿ ಕುಳಿತು ಕಲಿಯತಕ್ಕದ್ದು.

೧೮೫೧ರಲ್ಲಿ ಲಂಡನ್ನಿನಲ್ಲಿ ಸ್ಫಟಿಕಸೌಧವೆಂದು ಹೆಸರಾದ ಗಾಜಿನ ಮಹಾಮಂದಿರದಲ್ಲಿ ಸಕಲ ರಾಷ್ಟ್ರಗಳ ಕೈಗಾರಿಕಾ ಪ್ರದರ್ಶನವು ನಡೆಯಿತು. ಈಸ್ಟ್ ಇಂಡಿಯಾ ಕಂಪೆನಿಯವರು ಹಿಂದೂಸ್ಥಾನದ ಭಾಗವನ್ನು ಏರ್ಪಡಿಸಿದ್ದರು. ಬಿದರೀ ಸಾಮಾನುಗಳು ಅಲ್ಲಿ ಜನರ ಕಣ್ಣನ್ನು ಸೆಳೆದುವು. ಯಂತ್ರದಿಂದ ತಯಾರಾದ ಸರಕಿನ ಅಂದಗೇಡಿತನವನ್ನು ಕಂಡು ಬೇಸರಗೊಂಡಿದ್ದ ಇಂಗ್ಲೆಂಡಿನ ಕಲಾವಿಮರ್ಶಕರು ಹಿಂದೂಸ್ಥಾನದ ಕೈಕೆಲಸವನ್ನು ನೋಡಿ ಅಲಂಕರಣದ ನಿಯಮಗಳನ್ನು ಇದರಿಂದ ಕಲಿಯಬೇಕೆಂದರು. ಆ ಪ್ರದರ್ಶನದಲ್ಲಿ ಕೊಂಡ ವಸ್ತುಗಳು ಸೇರಿ ೧೮೫೨ರಲ್ಲಿ ಒಂದು ವಸ್ತುಸಂಗ್ರಹಾಲಯವು ಆರಂಭವಾಯಿತು. ೧೮೯೯ರಲ್ಲಿ ಅದಕ್ಕೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ಹೆಸರು ಬಂದಿತು. ಜಮೀಲ್ ಪಾರಿತೋಷಕವನ್ನು ಕೊಡುತ್ತಿರುವ ಸಂಸ್ಥೆಯು ಇದೇ.

ಪ್ರದರ್ಶನದ ಮನ್ನಣೆಯು ಆಸ್ಥಾನದ ಮನ್ನಣೆಗಿಂತ ಒಂದು ಬಗೆಯಲ್ಲಿ ದೊಡ್ಡದು, ಮತ್ತೊಂದು ಬಗೆಯಲ್ಲಿ ಕಿರಿದು. ದೊಡ್ಡದು ಏಕೆಂದರೆ, ಒಬ್ಬ ದೊರೆಯು ನೋಡುತ್ತಿದ್ದುದನ್ನು ಈಗ ಲಕ್ಷಾಂತರ ಜನರು ನೋಡಿದರು. ಕಿರಿದು ಏಕೆಂದರೆ, ನೋಡಿದವರಿಗೆ ಊರು ತಿಳಿಯಿತು, ಮನುಷ್ಯನು ತಿಳಿಯಲಿಲ್ಲ. ‘ಬೀದರಿನ ಸಾಮಾನು’ ಎಂಬ ಮಾತೇ ಮಾಡಿದವನ ಹೆಸರಿಗೆ ಬದಲಾಯಿತು. ಮುಂದೆ ಲಕ್ನೋದಲ್ಲಿಯೂ ಪೂರ್ಣಿಯಾದಲ್ಲಿಯೂ ಆದ ಇಂತಹ ಕೆಲಸವನ್ನು ಸಹ ಜನರು ಬಿದರಿಯೆಂದೇ ಕರೆದರು. ಊರಿನ ಹೆಸರು ಇಷ್ಟು ಹಬ್ಬಿದುದು ಊರಿಗೆ ಹೆಮ್ಮೆ. ಅದರ ನೆರಳಿನಲ್ಲಿ ಕೊರೆದವರ ಹೆಸರು ಮುಚ್ಚಿಹೋದುದು ನಷ್ಟ.

೪

ಆ ಸಂಗ್ರಹಾಲಯವು ಇಸ್ಲಾಮೀ ಕಲೆಯ ತನ್ನ ಶಾಲೆಯನ್ನು ಹೊಸದಾಗಿ ಸಜ್ಜುಗೊಳಿಸಿ ೨೦೦೬ರಲ್ಲಿ ತೆರೆಯಿತು. ಅದಕ್ಕೆ ಬೇಕಾದ ದ್ರವ್ಯವನ್ನು ಸೌದಿ ಅರೇಬಿಯದ ಜಮೀಲ್ ಮನೆತನದ ಮಹಮ್ಮದ್ ಜಮೀಲರು ಕೊಟ್ಟರು. ಗಾಜಿನ ಪೆಟ್ಟಿಗೆಗಳಲ್ಲಿ ಹಳೆಯ ರತ್ನಗಂಬಳಿ, ದೀಪ, ಹೂಜಿಗಳನ್ನು ಇರಿಸಿದ ಮೇಲೆ, ಈ ಪರಂಪರೆಯು ಸತ್ತುಹೋದುದೋ ಬದುಕಿರುವುದೋ ಎಂಬ ಪ್ರಶ್ನೆ ಬರುವುದು ಸಹಜ. ಅದಕ್ಕೆ ಉತ್ತರವಾಗಿಯೇ ೨೦೦೯ರಲ್ಲಿ ಪಾರಿತೋಷಕವು ಹುಟ್ಟಿತು. ಅದರ ಮೊಬಲಗು ೨೫,೦೦೦ ಪೌಂಡು.

ಇದರ ನಿಯಮದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸ್ಪರ್ಧಿಯು ಮುಸಲ್ಮಾನನಾಗಿರಬೇಕೆಂದು ಅದು ಕೇಳುವುದಿಲ್ಲ. ಕೃತಿಯು ಇಸ್ಲಾಮಿನ ಕಲೆ, ಕುಶಲತೆ, ವಿನ್ಯಾಸಗಳ ಪರಂಪರೆಯೊಡನೆ ಸಂಬಂಧವನ್ನು ಹೊಂದಿರಬೇಕೆಂದಷ್ಟೇ ಕೇಳುತ್ತದೆ. ೨೦೧೩ರಲ್ಲಿ ಕೊನೆಯ ಸುತ್ತಿಗೆ ಆಯ್ಕೆಯಾದವರಲ್ಲಿ ದೆಹಲಿಯ ರಾಹುಲ್ ಜೈನ್ ಒಬ್ಬರು. ಅವರ ಕೆಲಸ ಮೊಗಲ್ ಕಾಲದ ರೇಷ್ಮೆ ಜರತಾರಿಯ ನೆಯ್ಗೆಯನ್ನು ಕಾಶಿಯಲ್ಲಿ ಮತ್ತೆ ಉಜ್ಜೀವಿಸುವುದು. ಆದುದರಿಂದ ಇದನ್ನು ಮುಸಲ್ಮಾನರ ಪಾರಿತೋಷಕವೆಂದು ಕರೆಯುವುದು ಬಾಯಿಮಾತಿನ ಸೌಲಭ್ಯವೇ ಹೊರತು ನಿಜವಲ್ಲ. ಪರಂಪರೆಯೊಂದು ಹುಟ್ಟಿದ ಮನೆಯವರಿಗೆ ಮಾತ್ರವಲ್ಲದೆ ಅದನ್ನು ಕಲಿತ ಎಲ್ಲರಿಗೂ ಸೇರಿದುದೆಂಬುದು ಇದರ ತಾತ್ಪರ್ಯ. ಸರಸ್ವತಿಯನ್ನು ಹಾಡಿದ ಆದಿಲಶಾಹನಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ.

ಪಾರಿತೋಷಕವನ್ನು ಪಡೆದವರ ಕೃತಿಗಳನ್ನು ನೋಡಿದರೆ ಪರಂಪರೆಯು ಎಷ್ಟು ಬಗೆಯಾಗಿ ಬದುಕಬಲ್ಲುದೆಂಬುದು ತಿಳಿಯುತ್ತದೆ. ಮೊದಲನೆಯ ವಿಜೇತೆ ಇರಾನ್ ಮೂಲದ ಅಫ್ರೂಜ್ ಅಮೀಘಿ; ನಿರಾಶ್ರಿತರ ಡೇರೆಗಳಿಗೆ ಬಳಸುವ ಪ್ಲಾಸ್ಟಿಕ್ ಹಾಳೆಯನ್ನು ಕೈಯಿಂದ ಕತ್ತರಿಸಿ, ಅದರ ಮೂಲಕ ಬೆಳಕನ್ನು ಹಾಯಿಸಿ, ಗೋಡೆಯ ಮೇಲೆ ನೆರಳಿನ ಚಿತ್ತಾರವನ್ನು ಬೀಳಿಸಿದವರು. ೨೦೧೧ರಲ್ಲಿ ಆಲ್ಜೀರಿಯದ ರಶೀದ್ ಕುರೈಶಿಯವರಿಗೆ ಅದು ಸಂದಿತು. ಸೂಫೀ ಗುರುಗಳನ್ನು ನೆನೆದು ಮಾಡಿದ ಕಸೂತಿಯ ಪತಾಕೆಗಳಿಗೆ ಅವರು ಇಟ್ಟ ಹೆಸರು ‘ಕಾಣದ ಗುರುಗಳು’ ಎಂಬರ್ಥದ್ದು. ೨೦೧೬ರಲ್ಲಿ ಬಲೂಚಿಸ್ಥಾನದ ಗುಲಾಂ ಮಹಮ್ಮದರು ಪಡೆದರು. ಹಳೆಯ ಪುಸ್ತಕಗಳಿಂದ ಉರ್ದು ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸಿ ಕಾಗದದ ಮೇಲೆ ಜೋಡಿಸುವುದು ಅವರ ಕ್ರಮ. ೨೦೧೮ರಲ್ಲಿ ಇರಾಕ್ ಮೂಲದ ಮೆಹದಿ ಮುತಶರರೊಡನೆ ಬಂಗ್ಲಾದೇಶದ ವಾಸ್ತುಶಿಲ್ಪಿ ಮರೀನಾ ತಬಸ್ಸುಮರು ಇದನ್ನು ಹಂಚಿಕೊಂಡರು. ತಬಸ್ಸುಮರು ಢಾಕಾದಲ್ಲಿ ತಮ್ಮ ಅಜ್ಜಿಯು ಕೊಟ್ಟ ನಿವೇಶನದಲ್ಲಿ ಬರಿಯ ಇಟ್ಟಿಗೆಯಿಂದ, ಗುಂಬಜವೂ ಮಿನಾರವೂ ಇಲ್ಲದೆ, ಬೆಳಕನ್ನೇ ಅಲಂಕಾರವಾಗಿಸಿ ಒಂದು ಮಸೀದಿಯನ್ನು ಕಟ್ಟಿದವರು. ಆ ಮಸೀದಿಗೆ ಅದಕ್ಕೂ ಮೊದಲು ೨೦೧೬ರಲ್ಲಿ ಆಗಾಖಾನ್ ವಾಸ್ತುಶಿಲ್ಪ ಪಾರಿತೋಷಕವು ದೊರೆತಿತ್ತು.

೨೦೨೪ರ ಪಾರಿತೋಷಕವು ಭಾರತಕ್ಕೆ ಬಂದಿತು. ಕೊನೆಯ ಸುತ್ತಿನ ಏಳು ಸ್ಪರ್ಧಿಗಳಲ್ಲಿ ಪಶ್ಚಿಮ ಬಂಗಾಳದ ಖಂದಕಾರ್ ಓಹಿದಾ ಅವರ ‘ನಿಮ್ಮ ವಸ್ತುಸಂಗ್ರಹಾಲಯವನ್ನು ಕನಸಿರಿ’ ಎಂಬರ್ಥದ ಹೆಸರಿನ ಚಲಚ್ಚಿತ್ರವು ಗೆದ್ದಿತು. ಅದರ ವಸ್ತುವಿದು: ಅವರ ಬಂಧುಗಳಾದ ಹಿರಿಯರೊಬ್ಬರು ಹಳ್ಳಿಯ ಮಣ್ಣಿನ ಮನೆಯಲ್ಲಿ ಐವತ್ತು ವರ್ಷಗಳ ಕಾಲ ಹನ್ನೆರಡು ಸಾವಿರಕ್ಕೂ ಮಿಕ್ಕ ಸಾಮಾನುಗಳನ್ನು ಕೂಡಿಟ್ಟಿದ್ದರು. ದೊಡ್ಡ ಸಂಗ್ರಹಾಲಯಗಳು ಬೆಲೆಯುಳ್ಳದ್ದೆಂದು ಎಣಿಸದ ದಿನಬಳಕೆಯ ವಸ್ತುಗಳನ್ನು ಅವರು ಪ್ರೀತಿಯಿಂದ ಕಾದರು. ಹಿಂದೂಸ್ಥಾನದ ಹಳ್ಳಿಗಳ ಕೈಕೆಲಸವನ್ನು ಕೊಂಡು ಬೆಳೆದ ಸಂಗ್ರಹಾಲಯವೊಂದು, ಹಳ್ಳಿಯಲ್ಲಿಯೇ ಇದ್ದ ಸಂಗ್ರಹಾಲಯದ ಕಥೆಗೆ ತನ್ನ ಪಾರಿತೋಷಕವನ್ನು ಕೊಟ್ಟಿತು. ೧೮೫೧ರಲ್ಲಿ ವಸ್ತುವು ಮಾತ್ರ ಹಡಗನ್ನೇರಿ ಹೋಗಿತ್ತು. ಈಗ ಅದನ್ನು ಕೂಡಿಟ್ಟವರ ಮುಖವೂ ಕಥೆಯೂ ಜೊತೆಯಲ್ಲಿ ಹೋದುವು.

೫

ಕರ್ಣಾಟಕದೊಳಗೂ ಇದೇ ಬದಲಾವಣೆಯನ್ನು ಕಾಣಬಹುದು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಗಳೂ ಅಕಾಡೆಮಿಗಳೂ ಕುಶಲಿಗಳನ್ನು ಹೆಸರು ಹಿಡಿದು ಕರೆದು ಪ್ರಶಸ್ತಿಗಳನ್ನು ಕೊಡತೊಡಗಿದುವು. ಬೀದರಿನ ಶಾಹ ರಶೀದ್ ಅಹಮದ್ ಖಾದ್ರಿಯವರು ತಂದೆಯಿಂದ ಬಿದರೀ ಕೆಲಸವನ್ನು ಕಲಿತು, ಹೊಸ ವಿನ್ಯಾಸಗಳನ್ನು ತಂದು, ಇತರರಿಗೂ ಕಲಿಸಿದವರು. ಅವರಿಗೆ ೧೯೮೪ರಲ್ಲಿ ರಾಜ್ಯಪ್ರಶಸ್ತಿಯೂ ೧೯೮೮ರಲ್ಲಿ ರಾಷ್ಟ್ರಪ್ರಶಸ್ತಿಯೂ ಸಂದುವು. ೨೦೦೬ರಲ್ಲಿ ಬಿದರೀ ಕೆಲಸಕ್ಕೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ೨೦೧೧ರ ಗಣರಾಜ್ಯೋತ್ಸವದಂದು ದೆಹಲಿಯ ಮೆರವಣಿಗೆಯಲ್ಲಿ ಕರ್ಣಾಟಕದ ಸ್ತಬ್ಧಚಿತ್ರವು ಬಿದರಿಯನ್ನೇ ವಸ್ತುವಾಗಿ ಹೊಂದಿತ್ತು. ಇವೆರಡೂ ಊರಿಗೆ ಸಂದ ಮನ್ನಣೆಗಳು. ೨೦೨೩ರಲ್ಲಿ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ಮನ್ನಣೆಯು ಮತ್ತೆ ಮನುಷ್ಯನ ಹೆಸರಿಗೆ ಸಂದಿತು.

ಆ ಸಂದರ್ಭದಲ್ಲಿ ನಡೆದ ಒಂದು ಪ್ರಸಂಗವು ಪತ್ರಿಕೆಗಳ ಮೂಲಕ ನಾಡಿಗೆಲ್ಲ ತಿಳಿಯಿತು. ಪ್ರಶಸ್ತಿಪ್ರದಾನವಾದ ಬಳಿಕ ಖಾದ್ರಿಯವರು ಪ್ರಧಾನಿಯವರೊಡನೆ ಮಾತನಾಡುತ್ತ, ಹಿಂದಿನ ಸರ್ಕಾರದ ಕಾಲದಲ್ಲಿ ಈ ಗೌರವವನ್ನು ತಾವು ನಿರೀಕ್ಷಿಸಿದ್ದುದಾಗಿಯೂ ಅದು ಬರಲಿಲ್ಲವೆಂದೂ, ಈಗಿನ ಪಕ್ಷದ ಸರ್ಕಾರದಿಂದ ತಮಗೆ ಏನೂ ದೊರೆಯದೆಂದು ಎಣಿಸಿದ್ದು ತಪ್ಪಾಯಿತೆಂದೂ ಹೇಳಿದರು. ಆ ಮಾತನ್ನು ಒಂದು ಪಕ್ಷದವರು ಹೊಗಳಿಕೆಯಾಗಿ ಹಿಡಿದರು. ಇತರರು ಬೇರೆ ಬಗೆಯಾಗಿ ಅರ್ಥಮಾಡಿದರು. ಪಕ್ಷಗಳ ಮಾತನ್ನು ಬದಿಗಿಟ್ಟು ನೋಡಿದರೆ ಅದರಲ್ಲಿ ಒಂದು ಮುಖ್ಯವಾದ ಸಂಗತಿ ಇದೆ. ಜೀವಮಾನವೆಲ್ಲ ಉಳಿ ಹಿಡಿದ ಒಬ್ಬ ಕುಶಲಿಗೆ ತನ್ನ ಕೆಲಸವು ಸಾಲದೋ ಏನೋ ಎಂಬ ಅಳುಕಿರಲಿಲ್ಲ. ತಾನು ಹುಟ್ಟಿದ ಮತವು ಅಡ್ಡ ಬರುವುದೋ ಏನೋ ಎಂಬ ಅಳುಕಿತ್ತು. ಅದು ನಿಜವಾಗಲಿಲ್ಲವೆಂಬುದು ಸಂತೋಷ. ಹಾಗೆ ಅಳುಕಬೇಕಾಗಿ ಬಂದುದು ಯೋಚಿಸತಕ್ಕ ವಿಷಯ.

ಇದೇ ವಿಷಯದ ಇನ್ನೊಂದು ಮುಖವನ್ನು ಯೂಸುಫ್ ಅರಕ್ಕಲರ ಜೀವನದಲ್ಲಿ ಕಾಣಬಹುದು. ಕೇರಳದ ಚಾವಕ್ಕಾಡಿನಲ್ಲಿ ೧೯೪೫ರಲ್ಲಿ ಹುಟ್ಟಿದ ಅವರು ಬಾಲ್ಯವು ಕಳೆಯುವ ಮೊದಲೇ ಬೆಂಗಳೂರಿಗೆ ಬಂದು, ವಿಮಾನ ಕಾರ್ಖಾನೆಯಲ್ಲಿ ದುಡಿದು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು, ಬೆಂಗಳೂರಿನವರೇ ಆ ದರು. ಬೀದಿಯ ಬದಿಯಲ್ಲಿ ಮಲಗುವವರು, ಕೂಲಿಯವರು, ಒಂಟಿಯಾಗಿ ಕುಳಿತವರು ಅವರ ಚಿತ್ರಗಳ ವಸ್ತು. ೧೯೮೩ರಲ್ಲಿ ರಾಷ್ಟ್ರೀಯ ಲಲಿತಕಲಾ ಅಕಾಡೆಮಿಯ ಪ್ರಶಸ್ತಿಯೂ, ೨೦೦೫ರಲ್ಲಿ ಇಟಲಿಯ ಫ್ಲಾರೆನ್ಸಿನ ಪ್ರದರ್ಶನದಲ್ಲಿ ಲೊರೆಂಜೊ ಹೆಸರಿನ ಸ್ವರ್ಣಪದಕವೂ ಅವರಿಗೆ ಬಂದುವು. ೨೦೧೬ರಲ್ಲಿ ಅವರು ತೀರಿಕೊಂಡರು. ಖಾದ್ರಿಯವರ ಬಳ್ಳಿ ಹೂಗಳಲ್ಲಿ ಪಾರಸೀಕ ಪರಂಪರೆಯ ಗುರುತು ಸ್ಪಷ್ಟವಾಗಿದೆ. ಅರಕ್ಕಲರ ಕೂಲಿಯವನ ಮುಖದಲ್ಲಿ ಅಂತಹ ಗುರುತು ಯಾವುದೂ ಇಲ್ಲ. ಮುಸಲ್ಮಾನ ಕಲಾವಿದನೆಂಬ ಒಂದೇ ಮಾತಿನಿಂದ ಇಬ್ಬರನ್ನೂ ಕಟ್ಟಿಹಾಕಿದರೆ ಇಬ್ಬರ ಕೆಲಸವೂ ಅರ್ಥವಾಗದು. ಆ ಮಾತನ್ನು ಪೂರ್ತಿಯಾಗಿ ಅಳಿಸಿದರೆ, ಬೀದರಿನ ಕೋಟೆಯ ಮಣ್ಣಿಗೂ ಪಾರಸೀಕ ದೇಶದ ಬಳ್ಳಿಗೂ ಆರು ನೂರು ವರ್ಷಗಳಿಂದ ಇರುವ ನಂಟೂ ಅಳಿದುಹೋದೀತು.

ಆದಕಾರಣ ಮನ್ನಣೆಯನ್ನು ಕೊಡುವವರು ಎರಡು ಅಂಶಗಳನ್ನು ನೆನಪಿನಲ್ಲಿಡಬೇಕಾಗಿದೆ. ಕೆಲಸವನ್ನು ಅಳೆಯುವಾಗ ಕೆಲಸವನ್ನೇ ಅಳೆಯಬೇಕು. ಅಲ್ಲಿ ಜಾತಿ ಮತಗಳಿಗೆ ಪ್ರವೇಶವಿಲ್ಲ. ಕೆಲಸದ ಚರಿತ್ರೆಯನ್ನು ಬರೆಯುವಾಗ ಅದು ಯಾವ ಮನೆಯಲ್ಲಿ ಬೆಳೆಯಿತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದನ್ನು ಮರೆಮಾಡದೆ ಬರೆಯಬೇಕು. ಮೊದಲನೆಯದನ್ನು ಬಿಟ್ಟರೆ ಪಾರಿತೋಷಕವು ಭಿಕ್ಷೆಯಾಗುತ್ತದೆ. ಎರಡನೆಯದನ್ನು ಬಿಟ್ಟರೆ ಚರಿತ್ರೆಯು ಸುಳ್ಳಾಗುತ್ತದೆ. ಜಮೀಲ್ ಪಾರಿತೋಷಕದ ನಿಯಮವು ಈ ಎರಡನ್ನೂ ಕೂಡಿಸಲು ಮಾಡಿದ ಒಂದು ಪ್ರಯತ್ನ.

ಶಿರಾದ ಕುಶಲಿಗಳಿಗೆ ಪಾರಿತೋಷಕವನ್ನು ಕೊಡುವ ಕಾಲವು ಕಳೆದುಹೋಯಿತು. ಮಲಿಕ್ ರೈಹಾನನ ಗೋರಿಯನ್ನು ಕಟ್ಟಿದವರನ್ನು ಹೆಸರು ಹಿಡಿದು ಕರೆಯಲು ಇನ್ನು ಯಾವ ಆಸ್ಥಾನಕ್ಕೂ ಸಾಧ್ಯವಿಲ್ಲ. ಅವರಿಗೆ ಸಲ್ಲಿಸಬಹುದಾದ ಮನ್ನಣೆಯು ಒಂದೇ ಉಳಿದಿದೆ. ಅವರು ನಿಲ್ಲಿಸಿದ ಕಲ್ಲು ಬೀಳದಂತೆ ನೋಡಿಕೊಳ್ಳುವುದು. ಆ ಎರಡು ಕಟ್ಟಡಗಳೂ ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಸೇರಿರುವುದು ಒಳ್ಳೆಯದೇ ಆದರೂ, ಊರವರ ಕಣ್ಗಾವಲಿಲ್ಲದೆ ಇಲಾಖೆಯ ಫಲಕವೊಂದರಿಂದಲೇ ಯಾವ ಕಲ್ಲೂ ಉಳಿಯುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಈಗಲೂ ಕಲ್ಲು, ಮರ, ಲೋಹ, ನೂಲುಗಳಲ್ಲಿ ದುಡಿಯುವವರಿದ್ದಾರೆ. ಅವರು ಯಾವ ಮತದವರಾದರೂ ಆಗಲಿ, ಅವರ ಹೆಸರನ್ನೂ ಅವರಿಗೆ ಕಲಿಸಿದವರ ಹೆಸರನ್ನೂ ಇಂದೇ ಬರೆದಿಟ್ಟರೆ, ಮುಂದೆ ತಾವರೆಕೆರೆಯ ಹೆದ್ದಾರಿಯಲ್ಲಿ ಬಂದವನೊಬ್ಬನು ಇದನ್ನು ಮಾಡಿದವರು ಯಾರೆಂದು ಕೇಳಿದಾಗ ಉತ್ತರ ಹೇಳಲು ಊರಿಗೆ ಒಂದು ಹೆಸರಾದರೂ ಇದ್ದೀತು.